ಪ್ರೆಸ್ಸಿನ ಲೆಕ್ಕ, ಮನೆ ಲೆಕ್ಕ

ಮೈಸೂರಿನ ಅಗ್ರಹಾರದ ಹತ್ತಿರ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹನ್ನೊಂದು ವರ್ಷವಾಯಿತು. ಐನೂರು ಲಗ್ನಪತ್ರಿಕೆಗೆ ಕಾಗದ ಎಷ್ಟು, ಮಸಿ ಎಷ್ಟು, ಕೆಟ್ಟು ಹೋಗುವ ಹಾಳೆ ಎಷ್ಟು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ನಮ್ಮ ಮನೆಗೆ ತಿಂಗಳಿಗೆ ಎಷ್ಟು ಖರ್ಚು ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಇದ್ದ ಉತ್ತರ ಒಂದೇ. ಬಂದಷ್ಟೂ.

2025ರ ಜನವರಿಯಲ್ಲಿ ನಮ್ಮ ಯಜಮಾನರ ಫ್ಯಾಕ್ಟರಿಯಲ್ಲಿ ಓಟಿ, ಅಂದರೆ ಓವರ್‌ಟೈಮ್ ಕೆಲಸ, ನಿಂತಿತು. ಸಂಬಳ ಬಂತು, ಓಟಿ ದುಡ್ಡು ಬರಲಿಲ್ಲ. ತಿಂಗಳಿಗೆ ಒಂಬತ್ತು ಸಾವಿರ ಖೋತಾ. ಮಗ ಪಿಯುಸಿ, ಮಗಳು ಏಳನೇ ಕ್ಲಾಸು, ಅತ್ತೆಗೆ ಬಿಪಿ, ಶುಗರ್ ಎರಡೂ. ಕುವೆಂಪುನಗರದಲ್ಲಿ ಬಾಡಿಗೆ ಮನೆ. ಓಟಿ ದುಡ್ಡು ಅನ್ನೋದು ಹೆಸರಿಗೆ ಮಾತ್ರ ಮೇಲಿನ ದುಡ್ಡು. ನಮ್ಮ ಮನೆಯಲ್ಲಿ ಅದು ಎಂದೋ ಅಕ್ಕಿ ಬೇಳೆಯೊಳಗೆ ಸೇರಿಹೋಗಿತ್ತು.

ಆ ಭಾನುವಾರ ರಾತ್ರಿ ಊಟ ಆದಮೇಲೆ ಎಲ್ಲರೂ ಕೂತೆವು. ಒಬ್ಬೊಬ್ಬರೂ ಇನ್ನೊಬ್ಬರ ಖರ್ಚನ್ನೇ ತೋರಿಸಿದರು. ಇವರು, "ಎರಡು ಲೀಟರ್ ಹಾಲು ಯಾಕೆ ಬೇಕು, ಒಂದೂವರೆ ಸಾಕಲ್ವಾ?" ಅಂದರು. ನಾನು, "ರೀ, ನಿಮ್ಮ ಬೇಕರಿ ಪಫ್ಸ್ ಎಷ್ಟಾಗ್ತದೆ ಅದನ್ನ ಹೇಳಿ" ಅಂದೆ. ಮಗಳು ಅಣ್ಣನ ಮೊಬೈಲ್ ಕಡೆ ಬೆರಳು ತೋರಿಸಿದಳು. ಅತ್ತೆ ಮಳವಳ್ಳಿ ಕಡೆಯವರು. ಅಡಕೆ ಅಗಿಯುತ್ತಾ ಸುಮ್ನೆ ಕೇಳುತ್ತಿದ್ದವರು ಕೊನೆಗೆ ಬಾಯಿ ಬಿಟ್ಟರು. "ಮೊದ್ಲು ಎಲ್ಲಿ ಸೋರ್ತದೆ ಅಂತ ಒಸಿ ನೋಡ್ರವ್ವ. ಆಮೇಲೆ ಮುಚ್ಚೀರಂತೆ."

ಹಾಗಾಗಿ ಫೆಬ್ರವರಿಯಲ್ಲಿ ಏನನ್ನೂ ಕಡಿಮೆ ಮಾಡಲಿಲ್ಲ. ಬರೆಯುವುದು ಮಾತ್ರ. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದ ಸೇರಿಸಿ ನಮ್ಮ ಬೈಂಡರ್ ಒಂದು ಪುಸ್ತಕ ಹೊಲಿದುಕೊಟ್ಟರು. ಅದನ್ನು ಫ್ರಿಜ್ ಮೇಲೆ ಇಟ್ಟು ಒಂದು ಪೆನ್ನು ದಾರದಲ್ಲಿ ಕಟ್ಟಿದೆ. ಯಾರೇ ದುಡ್ಡು ಕೊಟ್ಟರೂ ಎಷ್ಟು, ಯಾತಕ್ಕೆ ಅಂತ ಬರೆಯಬೇಕು. ಯಾರೂ ಯಾರನ್ನೂ ಬೈಯುವ ಹಾಗಿಲ್ಲ. ಬೈದರೆ ಮಾರನೇ ದಿನದಿಂದ ಸುಳ್ಳು ಬರೆಯುತ್ತಾರೆ, ಅದು ನನಗೆ ಪ್ರೆಸ್ಸಿನ ಅನುಭವ.

ಮೊದಲ ವಾರ ಪುಸ್ತಕ ಚೆನ್ನಾಗಿ ತುಂಬಿತು. ಎರಡನೇ ವಾರಕ್ಕೆ ಇವರ ಅಕ್ಷರ ಕಾಣೆ. ಕೇಳಿದರೆ "ಏನೂ ಖರ್ಚೇ ಆಗಿಲ್ಲ ಕಣೇ" ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಲೂ ಹಾಗೇ ನಂಬಿದ್ದರು. ಜೇಬಿನಿಂದ ನೋಟು ಹೋದರೆ ಖರ್ಚು ಅಂತ ಗೊತ್ತಾಗುತ್ತದೆ. ಫೋನ್ ತೋರಿಸಿ ಟಿಂಗ್ ಅಂದರೆ ಅದು ಖರ್ಚಿನ ಲೆಕ್ಕಕ್ಕೇ ಬರುವುದಿಲ್ಲ. ತಿಂಗಳ ಕೊನೆಗೆ ಇಬ್ಬರ ಫೋನೂ ಪಕ್ಕಪಕ್ಕ ಇಟ್ಟುಕೊಂಡು ಯುಪಿಐ ಪಟ್ಟಿ ತೆಗೆದೆ. ನೂರು ರೂಪಾಯಿಗಿಂತ ಕಡಿಮೆ ಇರುವುದನ್ನೆಲ್ಲ ಮಗಳು ಓದಿದಳು, ನಾನು ಕೂಡಿದೆ. ಟೀ 15. ಟೀ 15. ಚುರುಮುರಿ 40. ಬನ್ 20. ಎಳನೀರು 50. ಮತ್ತೆ ಟೀ. ಇಪ್ಪತ್ತೆಂಟು ದಿನದಲ್ಲಿ 143 ಸಲ. ಒಟ್ಟು 7,460 ರೂಪಾಯಿ.

ಮೂರು ಸಲ ಕೂಡಿದೆ. ಅಷ್ಟೇ ಬಂತು.

ಮರ್ಯಾದೆ ಕಳೆಯುವ ವಿಷಯ ಏನೆಂದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನದೇ. ಇವರ ಪಫ್ಸ್ ಬಗ್ಗೆ ಅಷ್ಟು ಮಾತಾಡಿದ್ದೆನಲ್ಲ, ತಿಂಗಳಿಗೆ ಆರು ಪಫ್ಸ್ ಅಷ್ಟೇ. ನಾನು ಸಾಯಂಕಾಲ ಪ್ರೆಸ್ಸಿನಿಂದ ಬರುವಾಗ ಸ್ಕೂಟರ್ ನಿಲ್ಲಿಸಿ ಕೊತ್ತಂಬರಿ ಒಂದು ಕಟ್ಟು, ಬ್ರೆಡ್, ಮಕ್ಕಳಿಗೆ ಏನಾದರೂ ಅಂತ ದಿನಾ ಎರಡು ಮೂರು ಕಡೆ ಟಿಂಗ್ ಅನ್ನಿಸುತ್ತಿದ್ದೆ. ಹತ್ತು ನಿಮಿಷಕ್ಕೆ ಮನೆಗೆ ತಂದುಕೊಡುವ ಆ್ಯಪಿನಲ್ಲಿ ಬೇರೆ. 38 ರೂಪಾಯಿ ಮೊಸರಿಗೆ ಡೆಲಿವರಿ, ಹ್ಯಾಂಡ್ಲಿಂಗ್ ಎಲ್ಲ ಸೇರಿ 70ರ ಹತ್ತಿರ ಕೊಟ್ಟಿದ್ದ ದಿನವೂ ಇತ್ತು. ನಮ್ಮ ಬೀದಿ ಕೊನೆಯಲ್ಲೇ ಹಾಲಿನ ಬೂತ್ ಇದೆ. ಇದರ ಜೊತೆಗೆ ತಿಂಗಳು ತಿಂಗಳು ತಾನೇ ಕಡಿತವಾಗುವ ಎರಡು ಓಟಿಟಿ ಚಂದಾ ಸಿಕ್ಕಿದವು, ಎರಡೂ ಸೇರಿ 450. ಒಂದನ್ನು ಯಾರು ಹಾಕಿಸಿದ್ದು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಎರಡನ್ನೂ ಅವತ್ತೇ ಕಿತ್ತು ಹಾಕಿದೆ.

ಚಿಲ್ಲರೆ ಖರ್ಚಿಗೆ ಮದ್ದು ಅತ್ತೆಯ ಕಾಲದ್ದೇ. ಮಾರ್ಚ್ 1ಕ್ಕೆ ನಾಲ್ಕು ಸಾವಿರ ನಗದು ತೆಗೆದು, ವಾರಕ್ಕೆ ಸಾವಿರದಂತೆ ನಾಲ್ಕು ಲಕೋಟೆ ಮಾಡಿದೆ. ಲಕೋಟೆಗೇನು ಬರ, ಪ್ರೆಸ್ಸಿನಲ್ಲಿ ಇರುತ್ತವೆ. ಟೀ, ತಿಂಡಿ, ಸೊಪ್ಪು, ಹೂವು, ಮಕ್ಕಳ ಚಿಲ್ಲರೆ ಎಲ್ಲ ಅದರಲ್ಲೇ. ಮೊದಲ ಲಕೋಟೆ ಗುರುವಾರಕ್ಕೇ ಖಾಲಿ. ಶುಕ್ರವಾರ ಸಾಯಂಕಾಲ ಬೇಕರಿ ಮುಂದೆ ನಿಂತು, ಕೈಯಲ್ಲಿ ಫೋನ್ ಇದ್ದೂ ಬ್ಯಾಗಿನಲ್ಲಿ ಖಾಲಿ ಲಕೋಟೆ ನೋಡಿಕೊಂಡು ಮುಂದೆ ಹೋದೆ. ಸ್ವಲ್ಪ ಅವಮಾನವಾಯಿತು ಅಂತಲೇ ಹೇಳಬೇಕು. ಎರಡನೇ ವಾರ ಶನಿವಾರದ ತನಕ ಬಂತು. ಆಮೇಲೆ ಅಭ್ಯಾಸವಾಯಿತು. ಮೇ ಹೊತ್ತಿಗೆ ಚಿಲ್ಲರೆ ಖರ್ಚು 4,100ರ ಆಸುಪಾಸು ಬಂದು ನಿಂತಿತು. ಅದಕ್ಕಿಂತ ಕೆಳಗೆ ಇಳಿಸಲು ಹೋಗಲಿಲ್ಲ. ಫ್ಯಾಕ್ಟರಿಯಲ್ಲಿ ನಿಂತು ಕೆಲಸ ಮಾಡುವ ಮನುಷ್ಯನಿಗೆ ಒಂದು ಟೀ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ.

ತರಕಾರಿ ವಿಷಯದಲ್ಲಿ ನಾನು ದಡ್ಡತನ ಮಾಡಿದೆ. ಮನೆ ಮುಂದೆ ಬರುವ ಗಾಡಿಯವನ ರೇಟಿಗೂ ಎಂ.ಜಿ. ರಸ್ತೆ ಮಾರ್ಕೆಟ್ಟಿನ ರೇಟಿಗೂ ಇರುವ ವ್ಯತ್ಯಾಸ ನೋಡಿ ಹುಮ್ಮಸ್ಸು ಬಂತು. ಒಂದು ಭಾನುವಾರ ಬೆಳಿಗ್ಗೆ ಆರಕ್ಕೇ ಹೋದೆ. ಟೊಮೆಟೊ ರೇಟು ನೆಲಕ್ಕೆ ಬಿದ್ದಿತ್ತು. 2023ರ ಜುಲೈನಲ್ಲಿ ಕೆಜಿ ನೂರು ದಾಟಿದ್ದಾಗ ಎರಡು ಟೊಮೆಟೊ ಹಾಕಿ ಸಾರು ಮಾಡಿದ್ದು ಮನಸ್ಸಿನಲ್ಲಿತ್ತೋ ಏನೋ, ಅರ್ಧ ಕ್ರೇಟ್ ತಂದುಬಿಟ್ಟೆ. ಹತ್ತು ಹನ್ನೆರಡು ಕೆಜಿ. ಮಂಗಳವಾರಕ್ಕೆ ಕೆಳಗಿನ ಸಾಲು ನೀರು ಬಿಡಲು ಶುರು. ರಾತ್ರೋರಾತ್ರಿ ಗೊಜ್ಜು, ತೊಕ್ಕು ಅಂತ ಬಾಣಲೆ ಇಟ್ಟೆ. ತೊಕ್ಕಿಗೆ ಅರ್ಧ ಲೀಟರ್ ಎಣ್ಣೆ, ಎರಡು ಗಂಟೆ ಗ್ಯಾಸು. ಲೆಕ್ಕ ಹಾಕಿದರೆ ಗಾಡಿಯವನ ಹತ್ತಿರ ದಿನಾ ಅರ್ಧ ಕೆಜಿ ತಗೊಂಡಿದ್ದರೇ ಲಾಭ. ಆ ತಿಂಗಳು ಸಿಲಿಂಡರ್ ಕೂಡ ಬೇಗ ಖಾಲಿ ಆಯಿತು. ಈಗ ಭಾನುವಾರ ಈರುಳ್ಳಿ, ಆಲೂಗಡ್ಡೆ, ಹುರುಳಿಕಾಯಿ, ಕೋಸು ಇಂಥ ತಡೆಯುವ ತರಕಾರಿ ಮಾತ್ರ ಮಾರ್ಕೆಟ್ಟಿನಿಂದ. ಸೊಪ್ಪು, ಟೊಮೆಟೊ ಗಾಡಿಯಿಂದಲೇ. ಗಾಡಿಯವನೂ "ಏನಕ್ಕ, ನಮ್ಮನ್ನ ಮರ್ತೇಬಿಟ್ರಾ" ಅನ್ನುವುದು ನಿಂತಿತು.

ಹೂವಿಗೂ ಹಾಗೇ ಒಂದು ದಾರಿ ಸಿಕ್ಕಿತು. ಬಾಗಿಲಿಗೆ ಬರುವವರು ಮೊಳದ ಲೆಕ್ಕದಲ್ಲಿ ಕೊಡುತ್ತಾರೆ, ಒಬ್ಬೊಬ್ಬರ ಮೊಳ ಒಂದೊಂದು ಉದ್ದ. ಈಗ ವಾರಕ್ಕೊಮ್ಮೆ ದೇವರಾಜ ಮಾರ್ಕೆಟ್ಟಿನಿಂದ ಬಿಡಿ ಹೂವು ತರುತ್ತೇನೆ. ಅತ್ತೆ ಸೀರಿಯಲ್ ನೋಡುತ್ತಾ ಕಟ್ಟುತ್ತಾರೆ. ಕಣ್ಣು ಟೀವಿ ಮೇಲೆ, ಬೆರಳು ದಾರದ ಮೇಲೆ. ಒಂದು ಹೂವೂ ತಪ್ಪುವುದಿಲ್ಲ.

ದಿನಸಿಯಲ್ಲಿ ಗೊತ್ತಾದ ಎರಡು ವಿಷಯ ಹೇಳಲೇಬೇಕು. ಸಂತೇಪೇಟೆಯಲ್ಲಿ ಅಕ್ಕಿ ಚೀಲ ಕೇಳಿದಾಗ ಅಂಗಡಿಯವರು 26 ಕೆಜಿ ಚೀಲ ತೋರಿಸಿದರು. ಇದ್ಯಾವ ಲೆಕ್ಕ, 25 ಇರುತ್ತಿತ್ತಲ್ಲ ಅಂದೆ. 2022ರ ಜುಲೈನಿಂದ ಲೇಬಲ್ ಹಾಕಿದ 25 ಕೆಜಿ ತನಕದ ಚೀಲಕ್ಕೆ 5 ಪರ್ಸೆಂಟ್ ಜಿಎಸ್‌ಟಿ, ಅದಕ್ಕಿಂತ ದೊಡ್ಡದಕ್ಕೆ ಇಲ್ಲ, ಅದಕ್ಕೇ ಒಂದು ಕೆಜಿ ಜಾಸ್ತಿ ತುಂಬಿಸ್ತಾರೆ ಅಮ್ಮ ಅಂದರು. ಲೆಕ್ಕ ಬರೆಯುವ ನನಗೇ ಇದು ಗೊತ್ತಿರಲಿಲ್ಲ. ಅಲ್ಲಿಯವರೆಗೆ ಐದೈದು ಕೆಜಿ ಪ್ಯಾಕೆಟ್ ತರುತ್ತಿದ್ದೆವು.

ಇನ್ನೊಂದು ಎಣ್ಣೆ. ಇದನ್ನು ಕಂಡುಹಿಡಿದದ್ದು ಮಗಳು. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಅದೇ ಗಾತ್ರಕ್ಕೆ ಕಾಣುವ, ಹತ್ತು ಹದಿನೈದು ರೂಪಾಯಿ ಕಡಿಮೆ ಇರುವ ಪ್ಯಾಕೆಟ್ಟನ್ನು ನಾನು ಬುದ್ಧಿವಂತಿಕೆಯಿಂದ ಆರಿಸಿ ಬುಟ್ಟಿಗೆ ಹಾಕಿದೆ. ಅವಳು ತಿರುಗಿಸಿ ನೋಡಿ, "ಅಮ್ಮಾ, ಇದು 800 ಗ್ರಾಂ" ಅಂದಳು. ಈಗ ಪ್ಯಾಕೆಟ್ ಮೇಲೆ ಒಂದು ಗ್ರಾಮಿಗೆ ಅಥವಾ ಒಂದು ಮಿಲಿಗೆ ಎಷ್ಟು ಬೆಲೆ ಅಂತ ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ಅದನ್ನು ಓದುವುದು ಅವಳ ಕೆಲಸವಾಯಿತು. ಅಂಗಡಿಯಲ್ಲಿ ಬಿಸ್ಕತ್ತಿನಿಂದ ಸೋಪಿನ ತನಕ ಎಲ್ಲ ಓದಿ ಹೇಳುತ್ತಾಳೆ, ಹಿಂದೆ ನಿಂತವರಿಗೆ ರೇಗುತ್ತದೆ.

ಅತ್ತೆಯ ಮಾತ್ರೆಗೆ ತಿಂಗಳಿಗೆ 1,150 ಆಗುತ್ತಿತ್ತು. ಡಾಕ್ಟರನ್ನೇ ಕೇಳಿ, ಅವರು ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆದುಕೊಟ್ಟ ಮೇಲೆ ಜನೌಷಧಿ ಕೇಂದ್ರದಿಂದ ತರಲು ಶುರುಮಾಡಿದೆ. ಮುನ್ನೂರಕ್ಕೆ ಇಳಿಯಿತು. ಅಗ್ಗದ ಮಾತ್ರೆ ನಾಟುತ್ತೋ ಇಲ್ಲವೋ ಅಂತ ಅತ್ತೆಗೆ ಅನುಮಾನ. ಎರಡು ತಿಂಗಳು ಬಿಟ್ಟು ಬಿಪಿ, ಶುಗರ್ ಎರಡೂ ನೋಡಿಸಿದೆವು. ಮೊದಲಿನ ಹಾಗೇ ಇತ್ತು. ಆಮೇಲೆ ಬೀದಿಯಲ್ಲಿ ಎಲ್ಲರಿಗೂ ಅವರೇ ಹೇಳಿಕೊಂಡು ಬಂದರು.

ಪೆಟ್ರೋಲ್ ಲೀಟರ್ 102 ದಾಟಿತ್ತು. ಹೆಂಗಸರಿಗೆ ಬಸ್ಸು ಫ್ರೀ ಆಗಿದ್ದು 2023ರ ಜೂನ್ 11ಕ್ಕೆ. ಅಷ್ಟು ದಿನ ನಾನು ಸ್ಕೂಟರ್ ಬಿಟ್ಟು ಇಳಿದಿರಲಿಲ್ಲ. ಈಗ ವಾರದಲ್ಲಿ ನಾಲ್ಕು ದಿನ ಬಸ್ಸು. ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ಟಿಕೆಟ್ ಹರಿದುಕೊಡುತ್ತಾರೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಮುಂಚೆ ಮನೆ ಬಿಡಬೇಕು, ಕೆಲವು ದಿನ ನಿಂತೇ ಹೋಗಬೇಕು. ತಿಂಗಳಿಗೆ 800 ಉಳಿಯಿತು. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಟಿಂಗ್ ಅನ್ನಿಸುವ ಚಟ ತಪ್ಪಿದ್ದು ಬೇರೆ. ಬಸ್ಸು ಬೇಕರಿ ಮುಂದೆ ನಿಲ್ಲುವುದಿಲ್ಲವಲ್ಲ.

ಇಷ್ಟೆಲ್ಲ ಮಾಡಿ ಬೀಗುತ್ತಿರುವಾಗಲೇ ಕರೆಂಟ್ ಬಿಲ್ ಕೈಕೊಟ್ಟಿತು.

ಗೃಹಜ್ಯೋತಿಯಲ್ಲಿ ಕರೆಂಟ್ ಫ್ರೀ ಅಂತ ಎಲ್ಲರೂ ಹೇಳುತ್ತಾರೆ. ಅದರ ಒಳಲೆಕ್ಕ ಬೇರೆ. 2022–23ರಲ್ಲಿ ನೀವು ಸರಾಸರಿ ಎಷ್ಟು ಸುಡುತ್ತಿದ್ದಿರೋ ಅದರ ಮೇಲೆ ಸ್ವಲ್ಪ ಸೇರಿಸಿ ಒಂದು ಮಿತಿ ಹಾಕಿರುತ್ತಾರೆ. ನಮ್ಮ ಮನೆಗೆ 178 ಯೂನಿಟ್. ಅದರ ಮೇಲೆ ಹೋದರೆ ಹೆಚ್ಚಿಗೆ ಸುಟ್ಟ ಯೂನಿಟ್ಟಿಗೆ ಮಾತ್ರ ದುಡ್ಡು. ಫೆಬ್ರವರಿಯಲ್ಲಿ 188 ಬಂದಿತ್ತು, ಎಪ್ಪತ್ತು ರೂಪಾಯಿ ಚಿಲ್ಲರೆ ಕಟ್ಟಿದ್ದೆವು. ಆದರೆ 200 ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ನಮ್ಮ ತಲೆಗೇ.

ಯುಗಾದಿಗೆ ನಾದಿನಿ ಮನೆಯವರು ಬಂದಿದ್ದರು. ಮೂರು ದಿನ ಎಂಟು ಜನ. ಬೇಸಿಗೆ, ಎಲ್ಲ ಫ್ಯಾನೂ ರಾತ್ರಿ ಹಗಲು. ಏಪ್ರಿಲ್ ಮೊದಲ ವಾರ ಮೀಟರ್ ರೀಡರ್ ಬಂದು ಮಷಿನ್ನಿನಿಂದ ಚೀಟಿ ಹರಿದುಕೊಟ್ಟ. 207 ಯೂನಿಟ್. ಸಾವಿರದ ಎಂಟುನೂರರ ಹತ್ತಿರ. ಏಳು ಯೂನಿಟ್ಟಿಗೆ! ಅದೇ ಏಪ್ರಿಲ್ 1ಕ್ಕೆ ಹಾಲಿಗೂ ಲೀಟರಿಗೆ 4 ರೂಪಾಯಿ ಜಾಸ್ತಿ ಆಗಿತ್ತು. ಎರಡು ಲೀಟರಿಗೆ ತಿಂಗಳಿಗೆ 240. ನಾನು ಗ್ರಾಂ ಲೆಕ್ಕದಲ್ಲಿ ಎಣ್ಣೆ ಆರಿಸಿ ಉಳಿಸಿದ್ದೆಲ್ಲ ಒಂದೇ ವಾರದಲ್ಲಿ ಕೊಚ್ಚಿಕೊಂಡು ಹೋಯಿತು. ಅವತ್ತು ರಾತ್ರಿ ಪುಸ್ತಕ ತೆಗೆಯಲಿಲ್ಲ.

ಮಾರನೇ ದಿನದಿಂದ ಮಗನಿಗೆ ಕೆಲಸ ಕೊಟ್ಟೆ. ಸೈನ್ಸ್ ಓದುತ್ತಾನೆ, ಮೀಟರ್ ಅವನಿಗಿರಲಿ ಅಂತ. ದಿನಾ ಬೆಳಿಗ್ಗೆ ಆರಕ್ಕೆ ಮೀಟರ್ ಅಂಕಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯಬೇಕು. 200 ಒಳಗೆ ಇರಬೇಕಾದರೆ ದಿನಕ್ಕೆ ಆರೂವರೆ ಯೂನಿಟ್. ನಮ್ಮದು ಏಳು ದಾಟುತ್ತಿತ್ತು. ಅವನು ಒಂದೊಂದನ್ನೇ ಹಾಕಿ ಆರಿಸಿ ನೋಡಿದ. ಕಳ್ಳ ಸಿಕ್ಕಿದ್ದು ಬಚ್ಚಲುಮನೆಯಲ್ಲಿ. ಎರಡು ಸಾವಿರ ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ನಮ್ಮಲ್ಲಿ ಆರೂವರೆಗೆ ಹಾಕಿದರೆ ಕೊನೆಯವರ ಸ್ನಾನ ಮುಗಿಯುವಾಗ ಎಂಟೂವರೆ. ನಡುವೆ ನಡುವೆ ತಾನೇ ಆರಿ ಹತ್ತಿಕೊಳ್ಳುತ್ತಾ ದಿನಕ್ಕೆ ಎರಡೂವರೆ ಯೂನಿಟ್ ನುಂಗುತ್ತಿತ್ತು. ಇನ್ನೊಂದು ನೀರಿನ ಮೋಟರ್. ಮೇಲಿನ ಟ್ಯಾಂಕ್ ತುಂಬಿ ಸುರಿಯುವ ಸದ್ದು ಕೇಳಿದ ಮೇಲೆಯೇ ಆರಿಸುವುದು ನಮ್ಮ ಪದ್ಧತಿಯಾಗಿತ್ತು. ಇಡೀ ಬೀದಿಯ ಪದ್ಧತಿಯೇ ಅದು.

ಬೇಸಿಗೆಯಲ್ಲಿ ಗೀಸರ್ ಅತ್ತೆಗೆ ಮಾತ್ರ ಅಂತಾಯಿತು. ಮಳೆಗಾಲಕ್ಕೆ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಮುಗಿಸಬೇಕು, ನಡುವೆ ಯಾರೂ ಮೊಬೈಲ್ ಹಿಡಿದು ಕೂರುವ ಹಾಗಿಲ್ಲ. ಮೇ ತಿಂಗಳ ಬಿಲ್ 181. ಜೂನ್ 174, ಅಂದರೆ ಸೊನ್ನೆ. ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನ್ ತಗೊಳ್ಳೋಣ ಅಂತ ಮಗ ಹಿಂದೆ ಬಿದ್ದಿದ್ದ. ಹಳೇ ಫ್ಯಾನ್ 75 ವ್ಯಾಟ್, ಅದು ಮೂವತ್ತರ ಆಸುಪಾಸು ನಿಜ. ಆದರೆ ಮಿತಿಯೊಳಗೇ ಇದ್ದರೆ ಉಳಿದ ಯೂನಿಟ್ಟಿಗೆ ನಮಗೆ ಯಾರೂ ದುಡ್ಡು ಕೊಡುವುದಿಲ್ಲವಲ್ಲ. ಹಳೇದು ಸುಟ್ಟುಹೋದ ದಿನ ನೋಡೋಣ ಅಂದಿದ್ದೇನೆ.

ಯುಗಾದಿ ಅಂದೆನಲ್ಲ, ಅದರ ಮಾರನೇ ದಿನದ ಹೊಸತೊಡಕಿನ ಬಾಡಿನ ವಿಷಯದಲ್ಲಿ ಮಾತ್ರ ಯಾರೂ ಉಳಿತಾಯ ಅನ್ನಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ವರ್ಸೊಪ್ಪತ್ತು ಇದ್ಕೂ ಲೆಕ್ಕ ಬರ್ದೀಯವ್ವ?" ಅಂದರು. ಇವರು ಬೆಳಗಿನ ಜಾವವೇ ಮಳವಳ್ಳಿ ಕಡೆ ಹೋಗಿ ಊರವರು ಪಾಲು ಹಾಕಿ ಹಂಚಿಕೊಳ್ಳುವ ಗುಡ್ಡೆ ಬಾಡಿನಲ್ಲಿ ಎರಡು ಗುಡ್ಡೆ ತಂದರು. ಅಂಗಡಿಗಿಂತ ಅಗ್ಗ, ಮಾಂಸವೂ ಎಳೇದು. ಪೆಟ್ರೋಲ್ ಸೇರಿಸಿದರೆ ಅಗ್ಗ ಆಯಿತೋ ಇಲ್ಲವೋ ಅಂತ ನಾನು ಕೂಡಿ ನೋಡಲಿಲ್ಲ.

ಅಡುಗೆಯಲ್ಲಿ ನಿಜವಾಗಿ ಉಳಿಸಿಕೊಟ್ಟದ್ದು ಉಪ್ಸಾರು. ನಾನು ಮೈಸೂರಿನಲ್ಲೇ ಬೆಳೆದವಳು, ತವರಿನಲ್ಲಿ ದಿನಾ ಕಾಯಿ ರುಬ್ಬಿದ ಹುಳಿ. ಉಪ್ಸಾರು ಅಂದರೆ ಬಡವರ ಊಟ ಅಂತ ಒಳಗೊಳಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಈಗ ವಾರಕ್ಕೆ ಮೂರು ದಿನ ಅತ್ತೆಯೇ ಒಲೆ ಮುಂದೆ ನಿಲ್ಲುತ್ತಾರೆ. ಅಲಸಂದೆ ಕಾಳು ನೆನೆಸಿದ್ದು ಕುಕ್ಕರಿನಲ್ಲಿ ಒಂದೆರಡು ವಿಷಲ್. ಆಮೇಲೆ ಸೊಪ್ಪು ಹಾಕಿ, ಕಲ್ಲುಪ್ಪು ಹಾಕಿ ಒಂದು ಕುದಿ. ಕಟ್ಟು ಬಸಿದು ಇಟ್ಟರೆ ಸಾರಾಯಿತು, ಉಳಿದದ್ದಕ್ಕೆ ಒಂದು ಒಗ್ಗರಣೆ ಕೊಟ್ಟರೆ ಪಲ್ಯ. ಖಾರ ಬೇರೆ. ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಒರಳಲ್ಲಿ ಕುಟ್ಟಿ ಒಂದು ನಿಂಬೆಗಾತ್ರದ ಉಂಡೆ. ಬಿಸಿ ಮುದ್ದೆ ಮುರಿದು, ಕಟ್ಟಿನಲ್ಲಿ ಅದ್ದಿ, ಖಾರ ಸವರಿಕೊಂಡರೆ ಮಗ ಎರಡು ಮುದ್ದೆ ಮುಗಿಸುತ್ತಾನೆ. ಕಾಯಿ ಇಲ್ಲ, ಎಣ್ಣೆ ಎರಡು ಚಮಚ. ನಮಗೆ ತಿಂಗಳಿಗೆ ಇಪ್ಪತ್ತು ತೆಂಗಿನಕಾಯಿ ಬೇಕಿತ್ತು, ಹತ್ತಕ್ಕೆ ಬಂತು.

ಜುಲೈ ಕೊನೆಗೆ ಕೂತು ಎಲ್ಲ ಕೂಡಿದೆ. ಚಿಲ್ಲರೆ, ಚಂದಾ, ಪೆಟ್ರೋಲು, ಮಾತ್ರೆ, ದಿನಸಿ ತರಕಾರಿ ಎಲ್ಲ ಸೇರಿ ತಿಂಗಳಿಗೆ 6,300 ಕಡಿಮೆಯಾಗಿತ್ತು. ಒಂಬತ್ತು ಸಾವಿರ ಆಗಲಿಲ್ಲ. ಉಳಿದದ್ದಕ್ಕೆ ಬೇರೆ ದಾರಿ ಕಾಣದೆ ತಿಂಗಳಿಗೆ ನಾಲ್ಕು ಸಾವಿರ ಕಟ್ಟುತ್ತಿದ್ದ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ, ಮುಗಿದ ಮೇಲೆ ಒಂದೂವರೆ ಸಾವಿರದ್ದು ಮಾಡಿಸಿದೆವು. ಅದು ಉಳಿತಾಯ ಅಲ್ಲ, ಮಕ್ಕಳ ದುಡ್ಡಿಗೇ ಕೈ ಹಾಕಿದ್ದು. ಪುಸ್ತಕದಲ್ಲಿ ಅದನ್ನು ಬೇರೆ ಪುಟದಲ್ಲಿ ಬರೆದಿದ್ದೇನೆ.

ಇನ್ನು ಕಾಫಿ. ಇದನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಇದರಲ್ಲಿ ನಾನು ಪೂರ್ತಿ ಸೋತೆ.

ಆ ವರ್ಷ ಕಾಫಿಪುಡಿ ರೇಟು ಏರುತ್ತಲೇ ಇತ್ತು. ನಾವು ತರುವುದು ಕಾಫಿ 80, ಚಿಕೋರಿ 20. ಒಂದು ದಿನ ಅಂಗಡಿಯಲ್ಲಿ 60–40 ಹಾಕಿ ಅಂದೆ. ಕೆಜಿಗೆ ನೂರರ ಮೇಲೆ ವ್ಯತ್ಯಾಸ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಅದೇ ಡಬ್ಬಿಗೆ ಸುರಿದೆ. ಬೆಳಿಗ್ಗೆ ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಇಳಿಯಿತು. ನೋಡಲು ಮೊದಲಿಗಿಂತ ಚೆನ್ನಾಗಿತ್ತು. ಇವರು ಕುಡಿದು ಲೋಟ ಇಟ್ಟರು, ಏನೂ ಅನ್ನಲಿಲ್ಲ. ಅತ್ತೆ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. "ಪುಡಿ ಬದ್ಲಾಯ್ಸಿದ್ದೀಯ ಕಣವ್ವ."

"ಇಲ್ಲತ್ತೆ, ಅದೇ."

ಇನ್ನೊಂದು ಗುಟುಕು. "ಅದೇ ಅಂತೆ" ಅಂದುಕೊಂಡು ಎದ್ದು ಹೋದರು. ಲೋಟದಲ್ಲಿ ಅರ್ಧ ಹಾಗೇ ಇತ್ತು.

ನಾನೂ ಹಟ ಬಿಡಲಿಲ್ಲ. ಎರಡು ತಿಂಗಳು 60–40 ನಡೆಯಿತು. ಒಂದು ಸಾಯಂಕಾಲ ಪ್ರೆಸ್ಸಿನಿಂದ ಬಂದು ಬಾಗಿಲು ತೆಗೆಯುವಾಗಲೇ ವಾಸನೆ ಮೂಗಿಗೆ ಬಡಿಯಿತು. ಆಗ ತಾನೇ ಹುರಿದು ಪುಡಿ ಮಾಡಿಸಿದ ಕಾಫಿ. ಅಡುಗೆಮನೆ ಕಟ್ಟೆ ಮೇಲೆ ಕಂದು ಬಣ್ಣದ ಪೊಟ್ಟಣ, ಪಕ್ಕದಲ್ಲಿ ಸಾಸಿವೆ ಡಬ್ಬಿ ಮುಚ್ಚಳ ತೆಗೆದು ಇಟ್ಟಿತ್ತು. 2023ರ ಆಗಸ್ಟ್ 30ರಂದು ಮಹಾರಾಜ ಕಾಲೇಜು ಮೈದಾನದಲ್ಲಿ ಗೃಹಲಕ್ಷ್ಮಿ ಶುರುವಾದಾಗಿನಿಂದ ಅತ್ತೆಗೆ ಬರುವ ಎರಡು ಸಾವಿರ ಬ್ಯಾಂಕಿನಿಂದ ನೇರ ಈ ಡಬ್ಬಿಗೆ ಬರುತ್ತದೆ ಅಂತ ನನಗೆ ಅನುಮಾನ ಇತ್ತು. ಮಗ ತಂದುಕೊಟ್ಟನಂತೆ, ಒಂದು ಕೆಜಿ, 80–20.

ಅತ್ತೆ ಫಿಲ್ಟರಿಗೆ ಪುಡಿ ಹಾಕಿ ಬೆರಳಲ್ಲಿ ಮೆತ್ತಗೆ ಒತ್ತುತ್ತಿದ್ದರು. ನಾನು ಏನೂ ಮಾತಾಡದೆ ಫ್ರಿಜ್ ಮೇಲಿಂದ ಪುಸ್ತಕ ತೆಗೆದು, ಪೆನ್ನಿನ ದಾರ ಬಿಡಿಸಿ, ಎಷ್ಟಾಯಿತತ್ತೆ ಅಂದೆ.

"ಅದ ಬರೀಬ್ಯಾಡ ಬುಡವ್ವ" ಅಂದರು. "ಹಾಲು ಕಾಯ್ಸು."